ಆಲ್ಟೊ ಥರ್ಮೋಸ್ಟಾಟ್ ಕವರಿನ ಎರಡನೇ ಬೋಲ್ಟ್: ಒಂಬತ್ತು ದಿನದ ಲೆಕ್ಕ

ಕೆಲಸ ಮುಗದದ, ಮಣಿಕಟ್ಟು ಇನ್ನಾ ನೋಯ್ಲತ್ತದ, ಮರ್ತು ಹೋಗೋದ್ರೊಳಗ ಬರ್ದಿಡಬೇಕಂತ ಕುಂತೀನಿ. ಥರ್ಮೋಸ್ಟಾಟ್ (ಎಂಜಿನ್ ಕಾದ ಮ್ಯಾಲ ಬಾಯಿ ತೆಗ್ದು ನೀರು ರೇಡಿಯೇಟರಿಗಿ ಬಿಡೋ ಕವಾಟ) ಬದಲಿಸೋದು 20 ನಿಮಿಷದ ಕೆಲಸ ಅಂತ ಬಾನೆಟ್ ಎತ್ತಿದ್ದೆ, ಒಂಬತ್ತು ದಿನ ಹಿಡೀತು. ಗಾಡಿ 2009ರ ಆಲ್ಟೊ, 796 ಸಿಸಿ, ಮೂರು ಸಿಲಿಂಡರ್, 1,12,000 ಕಿ.ಮೀ. ಓಡ್ಯದ, ಐದು ವರ್ಷದ ಹಿಂದ ನಮ್ಮ ಸೋದರಮಾವನ ಕಡಿಂದ ತೊಗೊಂಡಿದ್ದು. ಮನಿ ಕಲಬುರಗಿ, ಸೇಡಂ ರೋಡ್ ಕಡಿ. ನಾ ಮಿಸ್ತ್ರಿ ಅಲ್ಲ, ಆಫೀಸಿನಾಗ ಲೆಕ್ಕ ಬರಿಯೋನು, ಎಂಜಿನ್ ಆಯಿಲ್, ಪ್ಲಗ್, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್ ಇಷ್ಟು ಮನ್ಯಾಗ ಮಾಡ್ಕೋತೀನಿ.

ಶುರು ಆಗಿದ್ದು ಹೆಂಗ

ಹುಣ್ಣಿಮಿಗಿ ಅವ್ವನ್ನ ಕರ್ಕೊಂಡು ಗಾಣಗಾಪುರಕ್ಕ ಹೋಗಿದ್ವಿ. ವಾಪಸ್ ಬರೋ ಮುಂದ ಚೌಡಾಪುರ ದಾಟೂದಕ್ಕ ಟೆಂಪರೇಚರ್ ಮುಳ್ಳು ಮ್ಯಾಲ ಏರಲತ್ತು, ನಾ ನೋಡ್ನೋಡ್ತನ ಕೆಂಪು ಗೆರಿ ಹತ್ರ ಹೋತು. ಬೇವಿನ ಗಿಡದ ನೆರಳಿಗಿ ಹಚ್ಚಿ ಬಂದ್ ಮಾಡ್ದೆ. ಬಾನೆಟ್ ಎತ್ತಿ ರೇಡಿಯೇಟರಿನ ಮ್ಯಾಲಿನ ದಪ್ಪ ಹೋಸ್ ಮುಟ್ಟಿ ನೋಡಿದ್ರ ಉಗುರ್ಬೆಚ್ಚಗ ಅಷ್ಟ ಅದ, ಎಂಜಿನ್ ಮಾತ್ರ ಕಾದ ಹಂಚು. ರೇಡಿಯೇಟರಿಗಿ ಬಿಸಿ ನೀರೇ ಬಂದಿಲ್ಲ. ಅಂದ್ರ ಥರ್ಮೋಸ್ಟಾಟ್ ಮುಚ್ಚಿಕೊಂಡು ಕುಂತುಬಿಟ್ಟದ ಅಂತ ಅಲ್ಲೇ ಗೊತ್ತಾತು. ಅರ್ಧ ಘಂಟಾ ಆರಿಸಿ, ಆಮ್ಯಾಲ ಹೀಟರ್ ಫುಲ್ ಇಟ್ಟು, ಕಿಟಕಿ ನಾಲ್ಕೂ ತೆಗ್ದು, 40ರ ಮ್ಯಾಲ ಹೋಗಬಾರದಂಗ ಮನಿ ತನ ತಂದೆ. ಹೀಟರ್ ಹಾಕಿದ್ರ ಎಂಜಿನ್ ಬಿಸಿ ಸ್ವಲ್ಪ ಆ ದಾರಿಲಿಂದ ಹೊರಗ ಹೋಗತದ, ಅದಕ್ಕ. ಮೇ ತಿಂಗಳು, ಹೊರಗ 42, ಒಳಗ ಹೀಟರ್. ಅವ್ವ ದಾರಿ ತುಂಬ ದತ್ತಾತ್ರೇಯನ ನೆನಿಸಿದ್ಳು, ನಡುನಡುವ ನನಗೂ ನಾಲ್ಕು ಮಾತು ಬಂದ್ವು.

ಗ್ಯಾರೇಜಿನಾಗ ಕೇಳಿದ್ದಕ್ಕ ಎಲ್ಲಾ ಸೇರಿ 4,500 ಅಂದ್ರು. ಥರ್ಮೋಸ್ಟಾಟ್ ಬರೇ 380 ರೂಪಾಯಿ, ಅದಕ್ಕ ಮುಚ್ಚಳ ಹಿಡದಿರೋದು ಎರಡೇ ಬೋಲ್ಟ್. ಎರಡು ಬೋಲ್ಟ್ ತೆಗಿಲಾಕ ಯಾಕ್ ಅಷ್ಟು ರೊಕ್ಕ ಅಂತ ನಾನೇ ಮಾಡ್ತೀನಂದೆ. ಅವರು ಯಾಕ ಅಷ್ಟು ಕೇಳಿದ್ರು ಅಂಬೋದು ಎರಡನೇ ದಿನಕ್ಕ ಸರಿಯಾಗಿ ತಿಳೀತು.

ದಿನ 1, ಭಾನುವಾರ

ಮುಂಜಾನಿ 7ಕ್ಕ ಶುರು. 10 ಆತಂದ್ರ ನಮ್ಮ ಅಂಗಳದಾಗ ಪಾನಾ ಕೈಲೆ ಹಿಡಿಲಾಕ ಬರಂಗಿಲ್ಲ. ಮೊದಲು ಬ್ಯಾಟರಿ ಮೈನಸ್ ತೆಗ್ದೆ. ರೇಡಿಯೇಟರ್ ತೆಳಗಿನ ಡ್ರೇನ್ ಬಿಚ್ಚಿ ತೊಗರಿಬ್ಯಾಳಿ ತೊಳಿಯೋ ಬೋಗಾಣಿ ಇಟ್ಟೆ (ಅದಕ್ಕೂ ಆಮ್ಯಾಲ ಬೈಸ್ಕೊಂಡೆ). ಹಸಿರು ಕೂಲಂಟ್ ಬರಬೇಕಿತ್ತು, ಬಂದಿದ್ದು ಚಹಾದಂಗ ಕೆಂಪು ನೀರು, ಮೂರು ಲೀಟರಿಗಿಂತ ಜರಾ ಜಾಸ್ತಿ, ತೆಳಗ ಗಸಿ. ಶಹಾಬಾದ್ ಪರಸಿ ಮ್ಯಾಲ ಒಂದಿಷ್ಟು ಚೆಲ್ತು, ಆ ಕಲೆ ಇವತ್ತಿಗೂ ಹೋಗಿಲ್ಲ.

ಇಲ್ಲಿ ಒಪ್ಕೊಂಡುಬಿಡ್ತೀನಿ. ನಾಲ್ಕು ವರ್ಷಲಿಂದ ಈ ಗಾಡಿಗಿ ನಾ ಹಾಕಿದ್ದು ಮನಿ ಬೋರಿನ ನೀರು. ಮೊದಲನೇ ಸಲ ಒಂದು ಲೀಟರ್ ಕಮ್ಮಿ ಇತ್ತು, ಕೊಡಪಾನದಾಗ ಇದ್ದದ್ದು ಹಾಕ್ದೆ, ಆಮ್ಯಾಲ ಅದೇ ಚಾಳಿ ಆತು. ನಮ್ಮ ಬೋರಿನ ನೀರು ಹೆಂಗದ ಅಂದ್ರ ಗೀಸರ್ ಕಾಯಿಲ್ ವರ್ಷಕ್ಕೊಮ್ಮೆ ಬಿಳಿ ಸುಣ್ಣ ಕಟ್ಟಿ ಸಾಯ್ತದ, ಅದನ್ನ ಕಣ್ಣಾರೆ ನೋಡಿಯೂ ಗಾಡಿಗಿ ಅದೇ ನೀರು ಕುಡಿಸೀನಿ. ಥರ್ಮೋಸ್ಟಾಟ್ ಕೆಡ್ಲಾಕ, ಬೋಲ್ಟ್ ಹಿಡಿಲಾಕ, ಎರಡಕ್ಕೂ ಕಾರಣ ನಾನೇ.

ಮ್ಯಾಲಿನ ಹೋಸ್ ಹೋಗಿ ಸೇರತದಲ್ಲ, ಅದೇ ಥರ್ಮೋಸ್ಟಾಟ್ ಕವರ್. ಅಲ್ಯೂಮಿನಿಯಂದು. ಕ್ಲಾಂಪ್ ಪಕ್ಕಡಲೆ ಒತ್ತಿ ಹಿಂದ ಸರಿಸ್ದೆ, ಹೋಸ್ ಅಂಟಿ ಕುಂತಿತ್ತು, ಎಳದ್ರ ಹರೀತದ ಅಂತ ತಿರುವಿ ತಿರುವಿ 15 ನಿಮಿಷಕ್ಕ ಬಿಚ್ಚಿದೆ. ಬೋಲ್ಟ್ ಎರಡೂ 12 ನಂಬರ್ ತಲಿ, ಅಂದ್ರ 8 ಎಂಎಂ ಬೋಲ್ಟ್. ಎರಡಕ್ಕೂ ಡಬ್ಲ್ಯುಡಿ-40 ಹೊಡ್ದು ಒಂದು ಚಹಾ ಕುಡಿಯೋತನ ಬಿಟ್ಟೆ. ತೆಳಗಿನ ಬೋಲ್ಟಿಗಿ ರಿಂಗ್ ಪಾನಾ ಹಾಕಿ ಒತ್ತಿದೆ, "ಕಿರ್‍ರ್" ಅಂತ ಒಮ್ಮೆ ಒದರಿ ಬಂದುಬಿಡ್ತು. ಛಲೋ ಆತಲ್ಲ ಅಂತ ಖುಷಿ.

ಎಂಜಿನ್ ಕಡಿಗಿದ್ದ ಎರಡನೇದು ಅಲ್ಲಾಡ್ಲಿಲ್ಲ. ಇಲ್ಲಿಂದ ನಾ ಮಾಡಿದ ತಪ್ಪು ಒಂದರ ಮ್ಯಾಲೊಂದು.

ಮೊದಲನೇ ತಪ್ಪು ಪಾನಾ. ನನ್ನ ಕಡಿ ಇದ್ದಿದ್ದು 12 ಮೂಲಿ ರಿಂಗ್ ಪಾನಾ, ಅದು ತಲಿಯ ಮೂಲಿಗಿ ಅಷ್ಟ ಹಿಡೀತದ. ಮೂರನೇ ಸಲ ಒತ್ತಿದಾಗ ಜಾರಿತು, ನನ್ನ ಕೈ ಹೋಗಿ ಬ್ಯಾಟರಿ ಕ್ಲಾಂಪಿಗಿ ಬಡೀತು, ತೋರಬೆರಳು ಗೆಣ್ಣಿನ ತೊಗಲು ಹೋತು. ನೋಡಿದ್ರ ಬೋಲ್ಟಿನ ತಲಿ ಆರರಾಗ ನಾಲ್ಕು ಮೂಲಿ ಸವದು ಹೋಗ್ಯಾವ. ಆರು ಮೂಲಿ ಸಾಕೆಟ್ ಮೊದಲೇ ಹಾಕಿದ್ರ ಹಿಂಗಾಗ್ತಿದ್ದಿಲ್ಲ, ಅದು ಮೂಲಿ ಬಿಟ್ಟು ಸಪಾಟ ಬದಿಗಿ ಹಿಡೀತದ. ಸಾಕೆಟ್ ಸೆಟ್ ಮನ್ಯಾಗೇ ಇತ್ತು, ಅಟ್ಟದ ಮ್ಯಾಲ, ಏಣಿ ಹಚ್ಚಲಾಕ ಬ್ಯಾಸರ.

ಆಮ್ಯಾಲ ಏಣಿ ಹಚ್ಚಿದೆ. ಅಜ್ಜ ಎಂಎಸ್‌ಕೆ ಮಿಲ್ಲಿನಾಗ ಫಿಟ್ಟರ್ ಇದ್ದಾಗಿನ ಇಂಚಿನ ಸಾಕೆಟ್ ಒಂದು ಡಬ್ಬಿ ತುಂಬ ಇದ್ವು. ಅದರಾಗ 7/16 ಇಂಚಿಂದು ತೊಗೊಂಡೆ, ಅದು 11.1 ಎಂಎಂ ಆಗತದ, 12ರ ಸವದ ತಲಿ ಮ್ಯಾಲ ಸುತ್ತಗಿಲೆ ಬಡ್ದು ಕೂಡ್ಸಿದ್ರ ಗಟ್ಟಿ ಹಿಡೀತದ. ಹಿಡೀತು. ಹಿಡಿದಿದ್ದೇ ತಪ್ಪಾತು ಅನ್ನಬೇಕು, ಯಾಕಂದ್ರ ಈಗ ನನ್ನ ಕಡಿ ಜೋರು ಹಾಕೋ ಸಾಧನ ಬಂತು.

ಎರಡನೇ ತಪ್ಪು ಪೈಪು. ರ್‍ಯಾಚೆಟ್ ಹಿಡಿಕಿಗಿ ಒಂದೂವರೆ ಫೂಟಿನ ಜಿಐ ಪೈಪ್ ಹಾಕಿ ಎಳದೆ. ಬೋಲ್ಟ್ ತಿರುಗ್ತು. ನಾ ಖುಷಿಲೆ ಇನ್ನಷ್ಟು ಎಳದೆ. ಆದ್ರ ಅದು ತಿರುಗೋ ರೀತಿ ಬ್ಯಾರೆ ಇತ್ತು, ಮೆತ್ತಗ, ರಬ್ಬರ್ ತಿರುವಿದಂಗ. ತೆಳಗಿನ ಬೋಲ್ಟ್ ಬಂದಾಗ "ಕಿರ್‍ರ್" ಅಂದಿತ್ತಲ್ಲ, ಇದು ಸಪ್ಪಳಾನೇ ಮಾಡ್ಲಿಲ್ಲ. ಸಪ್ಪಳ ಇಲ್ಲದಂಗ ಮೆತ್ತಗ ತಿರುಗ್ಲತ್ತದ ಅಂದ್ರ ಬೋಲ್ಟ್ ಬಿಚ್ಚಲತ್ತಿಲ್ಲ, ಒಳಗಿಂದೊಳಗ ಹೊರಳಿ ಹರಿಲತ್ತದ ಅಂತ ಅರ್ಥ. ಅಲ್ಲೇ ಕೈ ತೆಗೀಬೇಕಿತ್ತು. ತೆಗೀಲಿಲ್ಲ. "ಟಿಕ್" ಅಂದು ತಲಿ ಸಾಕೆಟಿನಾಗ ಬಂತು.

ತಲಿ ಹೋದ್ರೇನು, ಕವರ್ ಜಗ್ಗಿದ್ರ ಬರಬೇಕಲ್ಲ ಅಂತ ಜಗ್ಗಿದೆ, ಬರ್ಲಿಲ್ಲ. ಬೋಲ್ಟ್ ಬರೇ ಆಟಿನಾಗ (ಸುರುಳಿ ಗೆರಿ, ಥ್ರೆಡ್) ಹಿಡಿದಿಲ್ಲ, ಕವರಿನ ತೂತಿನಾಗೂ ಉದ್ದಕ ಹಿಡ್ಕೊಂಡದ. ಹಳೇ ಗ್ಯಾಸ್ಕೆಟಿಂದ (ಕವರ್ ತೆಳಗ ಸೋರಲಾರದಂಗ ಇಡೋ ಪಟ್ಟಿ) ಜಿನುಗಿದ ನೀರು ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ನಡುವ ಕುಂತು ಬಿಳಿ ಪುಡಿ ಕಟ್ಟಿ, ಸಿಮೆಂಟ್ ಹಾಕಿದಂಗ ಆಗಿತ್ತು. ಸಿಟ್ಟಿಲೆ ಕಬ್ಬಿಣದ ಸುತ್ತಗಿಲೆ ಎರಡು ಏಟು ಹಾಕ್ದೆ, ಕವರಿನ ಕಿವಿ ಸೀಳ್ತು. ಮೂರನೇ ತಪ್ಪು, 150 ರೂಪಾಯಿ. ಹೊರಸಿನ ಕಾಲಿಂದು ಒಂದು ಕಟ್ಟಿಗಿ ತುಂಡು ಇತ್ತು, ಅದರಲೆ ಬಡದಿದ್ರ ಸಾಕಾಗ್ತಿತ್ತು.

10:40ಕ್ಕ ಬಾನೆಟ್ ಹಾಕಿ ಒಳಗ ಹೋದೆ. ಯಾರ ಜೋಡಿನೂ ಮಾತಾಡ್ಲಿಲ್ಲ.

ದಿನ 2, ಸೋಮವಾರ

ಆಫೀಸಿಗಿ ಆಟೋ. ಸಂಜಿಮುಂದ ಬರೇ ಎಣ್ಣಿ ಕೆಲಸ. ಪವರ್ ಸ್ಟೇರಿಂಗ್ ಆಯಿಲ್ ಅರ್ಧ ಲೀಟರ್ 220ಕ್ಕ ತಂದೆ, ಅದಕ್ಕ ಅಷ್ಟೇ ಅಸಿಟೋನ್ ಕೂಡ್ಸಿದ್ರ ಡಬ್ಲ್ಯುಡಿಗಿಂತ ಒಳಗ ಹೋಗತದ ಅಂತ ಎಲ್ಲ್ಯೋ ಕೇಳಿದ್ದೆ. ಅಸಿಟೋನಿಗಿ ಮನಿಯಾಕಿ ಉಗುರುಬಣ್ಣ ಅಳಸೋ ಬಾಟ್ಲಿ ತೊಗೊಂಡೆ, ಹಿಂದ ಬರದದ್ದು ಓದಿ ನೋಡ್ರಿ, ಕೆಲವೊಂದರಾಗ ಅಸಿಟೋನ್ ಇರಂಗೇ ಇಲ್ಲ. ಎರಡೂ ಒಂದಕ್ಕೊಂದು ಕೂಡಂಗಿಲ್ಲ, ಪ್ರತಿ ಸಲ ಅಲುಗಾಡ್ಸಿ ಹಾಕ್ಬೇಕು. ಹಳೇ ಇಂಜೆಕ್ಷನ್ ಸಿರಿಂಜಿಲೆ ಬೋಲ್ಟ್ ಸುತ್ತ ಹನಿ ಹನಿ ಬಿಟ್ಟೆ, ರಾತ್ರಿ 9ಕ್ಕೊಮ್ಮೆ, ಮಲಗೋ ಮುಂದ ಒಮ್ಮೆ, ಮುಂಜಾನಿ ಒಮ್ಮೆ.

ದಿನ 3, ಮಂಗಳವಾರ

ಕಟ್ಟಿಗಿ ಇಟ್ಟು ಎರಡೂ ಕಡಿ ಸಣ್ಣಗ ಬಡದು ಬಡದು, ಸುಮಾರು ನಲವತ್ತು ನಿಮಿಷಕ್ಕ ಕವರ್ ಬಂತು. ಈಗ 15 ಎಂಎಂ ಬೋಲ್ಟಿನ ಮೊಂಡು ಹೊರಗ ನಿಂತದ. ಇದು ಖರೇ ಅಂದ್ರ ಛಲೋ ಸ್ಥಿತಿ, ಹಿಡಿಲಾಕ ಏನರೆ ಅದ.

ಹಳೇ ಥರ್ಮೋಸ್ಟಾಟ್ ತೆಗ್ದು ಚಹಾ ಪಾತ್ರಿಯೊಳಗ ನೀರು ಕುದಿಸಿ ಹಾಕ್ದೆ. ಅದರ ಮ್ಯಾಲ 82 ಅಂತ ಬರದದ, ಅಂದ್ರ 82 ಡಿಗ್ರಿಗಿ ಬಾಯಿ ತೆಗಿಲಾಕ ಶುರು ಮಾಡಬೇಕು. ನೀರು ಗಳಗಳ ಕುದಿಲತ್ತದ, ಇದು ಗಪ್. ಹೊಸದು ಹಾಕಿದ್ರ ಕುದಿ ಬರೋಕಿಂತ ಮೊದಲೇ ಬಾಯಿ ತೆರೀತು, ಹೊರಗ ತೆಗದು ಆರಿಸಿದ್ರ ಮುಚ್ಚಿಕೊಂತು. ಹೊಸದನ್ನ ಹಾಕೋ ಮೊದಲು ಹಿಂಗ ನೋಡೋದು ಎರಡು ನಿಮಿಷದ ಕೆಲಸ. ಆ ಪಾತ್ರಿ ಈಗ ಗ್ಯಾರೇಜ್ ಸಾಮಾನಿನಾಗ ಸೇರ್‍ಯದ.

ಸಂಜಿಗಿ ಹುಮನಾಬಾದ್ ಬೇಸ್ ಕಡಿ ಒಬ್ಬರು ವಯಸ್ಸಾದ ಲೇಥ್ ಮಿಸ್ತ್ರಿ ಇದ್ದಾರ, ಅವರ ಹತ್ರ ಫೋಟೋ ತೋರ್ಸಿದೆ. ಕನ್ನಡಕ ಏರ್ಸಿ ನೋಡಿದ್ರು.

"ಎಷ್ಟು ಜೋರ್ ಹಾಕಿರಿ ಸಾಬ್?"

"ಪೈಪ್ ಹಾಕಿದ್ದೆ ಚಾಚಾ."

"ಬೋಲ್ಟ್ ಜೋಡಿ ಕುಸ್ತಿ ಆಡಬ್ಯಾಡ್ರಿ. ಪೈಲೇ ಗರಂ ಮಾಡ್ರಿ, ಆಮ್ಯಾಲ ತುಸು ಹಿಂದ, ತುಸು ಮುಂದ, ತುಸು ಹಿಂದ, ತುಸು ಮುಂದ. ಒಂದೇ ದಿಕ್ಕಿಗಿ ಹೋದ್ರ ಒಳಗಿನ ಜಂಗ್ ಎಲ್ಲಿ ಹೋಗಬೇಕು ಹೇಳ್ರಿ?"

ಚಹಾ ಕುಡಿಸಿ ಕಳಿಸಿದ್ರು, ರೊಕ್ಕ ತೊಗೊಳಿಲ್ಲ. ಅವರು ಹೇಳಿದ್ರಾಗ ಅರ್ಧ ಕೇಳ್ದೆ, ಇನ್ನರ್ಧ ಕೇಳ್ಲಿಲ್ಲ. ಅದು ನಾಳಿನ ಕಥಿ.

ದಿನ 4, ಬುಧವಾರ

ಗಾಡಿಗಿ ಸ್ಟಿಕರ್ ಹಚ್ಚೋ ಹುಡುಗನ ಕಡಿಂದ ಹೀಟ್ ಗನ್ ಇಸ್ಕೊಂಡು ಬಂದೆ. ಗ್ಯಾಸ್ ಟಾರ್ಚ್ ಬ್ಯಾಡ ಅಂತ ಮೊದಲೇ ಠರಾಯ್ಸಿದ್ದೆ, ಪೆಟ್ರೋಲ್ ಪೈಪ್ ಗೇಣು ದೂರದಾಗ ಅದ. ಹೀಟ್ ಗನ್ನೂ ಪೂರಾ ಬೇಫಿಕರ್ ಅಲ್ಲ, ಹಂಗಾಗಿ ಪೆಟ್ರೋಲ್ ಪೈಪಿಗಿ, ವೈರಿಗಿ ಹಸಿ ಗೋಣಿಚೀಲ ಮುಚ್ಚಿದೆ, ಮಗನ ಕೈಯಾಗ ನೀರಿನ ಬಕೀಟ್ ಕೊಟ್ಟು ನಿಲ್ಸಿದೆ. ಅಸಿಟೋನ್ ಎಣ್ಣಿ ಆವತ್ತು ಹಾಕ್ಲಿಲ್ಲ, ಹಿಂದಿನ ರಾತ್ರಿದು ಅರಿಬಿಲೆ ಒರಸಿ ಆರಿಸಿದ್ದೆ, ಅಸಿಟೋನ್ ಬೆಂಕಿಗಿ ಕಾಯ್ತಿರತದ.

ಬಿಸಿ ಮಾಡೋದು ಬೋಲ್ಟಿಗಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂಗಿ. ಬಿಸಿಗಿ ಅಲ್ಯೂಮಿನಿಯಂ ಉಕ್ಕಿಗಿಂತ ಹತ್ರಹತ್ರ ಎರಡು ಪಟ್ಟು ಹಿಗ್ಗತದ, ಅದಕ್ಕ ತೂತು ಜರಾ ಸಡ್ಲ ಆಗತದ. ಹತ್ತು ನಿಮಿಷ ಕಾಸಿ, ದೇವರ ಮನಿಯ ಮೇಣಬತ್ತಿ ಮೊಂಡಿನ ಬುಡಕ್ಕ ಒತ್ತಿದೆ, ಮೇಣ ಕರಗಿ ಆಟಿನೊಳಗ ಎಳಕೊಂಡು ಹೋತು. ಆಮ್ಯಾಲ ಎರಡು ನಟ್ ಹಾಕಿ ಒಂದಕ್ಕೊಂದು ಬಿಗದೆ, ಒಳಗಿನ ನಟ್ಟಿಗಿ ಪಾನಾ ಹಾಕಿ ಎಡಕ್ಕ ಒತ್ತಿದೆ.

"ಕಿರ್‍ರ್."

ಆ ಸಪ್ಪಳಕ್ಕ ನಾಲ್ಕು ದಿನಲಿಂದ ಕಾದಿದ್ದೆ. ಕಾಲು ಸುತ್ತು ಬಂತು. ಮಗ "ಬಂತು ಪಪ್ಪಾ" ಅಂತ ಜಿಗದಾಡ್ದ. ಇಲ್ಲಿ ನಿಂತು ಬಲಕ್ಕ ತಿರುವಬೇಕಿತ್ತು, ಎಣ್ಣಿ ಬಿಡಬೇಕಿತ್ತು, ಮತ್ತ ಎಡಕ್ಕ. ಚಾಚಾ ಹೇಳಿದ್ದು ಕಿವ್ಯಾಗ ಇತ್ತು, ಕೈಗಿ ಇಳೀಲಿಲ್ಲ. ಅರ್ಧ ಸುತ್ತು ಆತು, ಬಿಗಿ ಆಗಲತ್ತು, ಬಂದೇ ಬರ್ತದ ಅಂತ ಒತ್ತಿದೆ, ಮುಕ್ಕಾಲು ಸುತ್ತಿಗಿ ಮೆತ್ತಗಾತು, ಮತ್ತ "ಟಿಕ್". ಈ ಸಲ ಒಳಗ, ಮೇಲ್ಮೈಗಿಂತ ಒಂದು ಎಂಎಂ ತೆಳಗ, ಅದೂ ಓರಿ ಆಗಿ ಮುರೀತು.

ಒಂಬತ್ತು ದಿನದಾಗ ಭಾಳ ನೋವಾಗಿದ್ದು ಇದೇ. ತಲಿ ಮುರದಿದ್ದಕ್ಕ ಅಜ್ಞಾನ ಅನ್ನಬಹುದು, ಇದಕ್ಕ ಏನನ್ನೋದು. ಹೀಟ್ ಗನ್ ವಾಪಸ್ ಕೊಡಲಾಕ ಹೋದಾಗ ಆ ಹುಡುಗ "ಬಂತೇನ್ ಅಣ್ಣಾ" ಅಂದ, "ಅರ್ಧ ಬಂತು" ಅಂದೆ, ಸುಳ್ಳಲ್ಲ.

ದಿನ 5, ಗುರುವಾರ

ಈಗ ಉಳದಿದ್ದು ಡ್ರಿಲ್ ಒಂದೇ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ 3, 4, 5, 6 ನಾಲ್ಕು ಸೇರಿ 180. ನೀರು ಹೋಗೋ ಬಾಯಿಗಿ ಹಳೇ ಬನಿಯನ್ ತುಂಡು ತುರುಕಿ ಅದಕ್ಕ ಒಂದು ದಾರ ಕಟ್ಟಿ ಹೊರಗ ಬಿಟ್ಟೆ, ಮರ್ತು ಒಳಗ ಬಿಟ್ಟು ಮುಚ್ಚಬಾರದಂತ. ಇದೊಂದು ಬುದ್ಧಿ ಮೊದಲೇ ಬಂದಿತ್ತು.

ಸೆಂಟರ್ ಪಂಚ್ (ಡ್ರಿಲ್ ಕೂಡ್ಲಾಕ ನಡುವ ಚುಕ್ಕಿ ಗುಂಡಿ ಮಾಡೋ ಮೊಳಿ) ಹೊಡೀಬೇಕು, ಮೊಂಡು ಓರಿ ಮುರದದ, ಪಂಚ್ ಇಟ್ಟಲ್ಲಿ ನಿಲ್ಲಂಗಿಲ್ಲ, ತೆಳಗ ಇದ್ದ ಬದಿಗಿ ಜಾರತದ. ಎರಡು ಸಲ ಜಾರ್ತು. ಮೂರನೇ ಸಲ ಕುಂತಂಗ ಆತು, ನಡು ಅನಿಸ್ತು. ಮೊದಲು ಸಣ್ಣ ಗ್ರೈಂಡರ್ ಕಲ್ಲಿಲೆ ಮೇಲ್ಮೈ ಸಪಾಟ ಮಾಡ್ಕೊಂಡು ಆಮ್ಯಾಲ ಪಂಚ್ ಹೊಡದಿದ್ರ ಮುಂದಿನ ಅರ್ಧ ತ್ರಾಸ ಇರ್ತಿದ್ದಿಲ್ಲ.

ಡ್ರಿಲ್ ನೆಟ್ಟಗ ಹಿಡೀಲಾಕ ಗಡ್ಡ ಕೆರಿಯೋ ಕನ್ನಡಿ ಪಕ್ಕಕ್ಕ ಇಟ್ಟೆ, ಒಂದು ಕಡಿಂದ ನಾ ನೋಡ್ತೀನಿ, ಇನ್ನೊಂದು ಬದಿ ಕನ್ನಡ್ಯಾಗ ಕಾಣತದ. ಕಟಿಂಗ್ ಆಯಿಲ್ ಎಲ್ಲಿಂದ ತರೋದು, ಅಡಗಿಮನ್ಯಾಗಿನ ಕುಸುಬಿ ಎಣ್ಣಿ ಹನಿ ಹನಿ ಬಿಟ್ಟೆ. ನಗಬ್ಯಾಡ್ರಿ, ಛಲೋ ಕೆಲಸ ಮಾಡ್ತು, ಹೊಗಿ ಬಂದಾಗ ಹಪ್ಪಳ ಕರದ ವಾಸನಿ ಅಷ್ಟ. ಸ್ಪೀಡ್ ಕಮ್ಮಿ, ಒತ್ತು ಜಾಸ್ತಿ. 3 ಎಂಎಂ ಬಿಟ್ ಇಳೀತು, 4 ಇಳೀತು, 5ರ ನಡುವ ಕರೆಂಟ್ ಹೋತು. ಎರಡು ತಾಸು. ಬಿಟ್ ಒಳಗ, ನಾ ಗಾಡಿ ಮುಂದ ಕುಂತು ಜೋಳದ ರೊಟ್ಟಿ ಶೇಂಗಾ ಹಿಂಡಿ ಅಲ್ಲೇ ತಿಂದೆ.

ಕರೆಂಟ್ ಬಂದ ಮ್ಯಾಲ 5 ಮುಗಿಸಿ ಟಾರ್ಚ್ ಹಚ್ಚಿ ನೋಡಿದ್ರ ತೂತು ನಡುವ ಇಲ್ಲ. ಒಂದು ಬದಿಗಿ ಮುಕ್ಕಾಲು ಎಂಎಂ ಸರದದ. ವರ್ನಿಯರಿಲೆ ಮೂರು ಸಲ ಅಳದೆ, ಮೂರು ಸಲಾನೂ ಅಷ್ಟೇ ಬಂತು.

ಸಂಜಿಗಿ ಈಜಿ-ಔಟ್ ಸೆಟ್ 250ಕ್ಕ ತಂದೆ, ಎಡ ಆಟಿನ ಶಂಕುವಿನಂಗ ಇರತದ, ತೂತಿನಾಗ ಹಾಕಿ ಎಡಕ್ಕ ತಿರುವಿದ್ರ ಕಚ್ಚಿ ಹಿಡ್ದು ಮೊಂಡು ತರತದ. ಹಾಕಿ ಜರಾ ತಿರುವಿದೆ, ಅದು ಬಾಗಲತ್ತದ ಅನಿಸ್ತು ಕೈಗಿ. ನಿಂತೆ. ಚಾಚಾಗ ಫೋನ್ ಹಚ್ಚಿದೆ. "ನಿಕಾಲೋ ಉಸಕೋ" ಅಂತ ಒದರಿದ್ರು. ಅದು ಬಿರುಸು ಉಕ್ಕು, ಒಳಗ ಮುರೀತಂದ್ರ ಮಾಮೂಲಿ ಡ್ರಿಲ್ ಬಿಟ್ ಅದನ್ನ ಕಡಿಯಂಗಿಲ್ಲ, ಆಮ್ಯಾಲ ಪೂರಾ ಮ್ಯಾನಿಫೋಲ್ಡ್ (ಬೋಲ್ಟ್ ಕುಂತ ಅಲ್ಯೂಮಿನಿಯಂ ಭಾಗ) ಇಳಸಬೇಕು ಅಂದ್ರು. ತೆಗದೆ. 250 ನೀರಾಗ ಹೋತು, ಅದು ಹೋಗಿದ್ದಕ್ಕ ಇವತ್ತಿಗೂ ಬ್ಯಾಸರಿಲ್ಲ.

ದಿನ 6, 7, 8

ಹೆಲಿಕಾಯಿಲ್ ಹುಡುಕೋದು. ಕೆಟ್ಟ ಆಟಿನ ತೂತು ದೊಡ್ಡದು ಮಾಡಿ, ಹೊಸ ಆಟು ಹೊಡ್ದು, ಅದರಾಗ ಸ್ಟೀಲ್ ಸ್ಪ್ರಿಂಗಿನಂಥ ಸುರುಳಿ ಕೂಡ್ಸೋದು, ಆಗ ಹಳೇ ಅಳತಿ ಬೋಲ್ಟೇ ಮತ್ತ ಹಿಡೀತದ. ಸೂಪರ್ ಮಾರ್ಕೆಟ್ ಕಡಿ ನಾಲ್ಕು ಅಂಗಡಿ ತಿರುಗಿದೆ. ಒಬ್ಬ ಗೀಸರ್ ಕಾಯಿಲ್ ತೋರ್ಸಿದ, ಇನ್ನೊಬ್ಬ "ಹೀಲಿಂಗ್ ಏನ್ರಿ?" ಅಂದ. ಕೊನಿಗಿ ಆನ್‌ಲೈನ್ ಹಾಕ್ದೆ, 8 ಎಂಎಂ, 1.25 ಆಟಿಂದು, ಡ್ರಿಲ್ ಬಿಟ್, ಟ್ಯಾಪ್ (ಆಟು ಕೊರಿಯೋ ಸಾಧನ), ಕೂಡ್ಸೋ ಹಿಡಿಕಿ, ಸುರುಳಿ ಎಲ್ಲಾ ಸೇರಿ 740. ಬಂದಿದ್ದು ಭಾನುವಾರ ಸಂಜಿಗಿ. ಈ ನಡುವ ಗುಜರಿಯೊಳಗ ಅಂಥದೇ ಕವರ್ 150ಕ್ಕ ಸಿಕ್ತು. ಆಟೋದ ಲೆಕ್ಕ ಮನಿಯಾಕಿ ಬ್ಯಾರೆ ಬರದಿಡ್ಲತ್ತಿದ್ಳು.

ದಿನ 9, ಸೋಮವಾರ

ರಜಾ ಹಾಕ್ದೆ. ಕಾರಣ "ಮನಿ ಕೆಲಸ".

ಮೊದಲು 6ರ ಬಿಟ್, ಆಮ್ಯಾಲ ಕಿಟ್ಟಿನ 8.3 ಎಂಎಂ ಬಿಟ್. ತೂತು ಓರಿ ಇದ್ದಿದ್ದಕ್ಕ ಒಂದು ಬದಿಗಿ ಅಲ್ಯೂಮಿನಿಯಂ ಕಡೀತು, ಇನ್ನೊಂದು ಬದಿಗಿ ಹಳೇ ಬೋಲ್ಟಿಂದು ಬಿದಿಗಿ ಚಂದ್ರನಂಥ ಪಾಪಡಿ ಉಳೀತು. ಅದನ್ನ ದಪ್ಪ ಸೂಜಿಲೆ ಗೀರಿ ಗೀರಿ, ಮೂತಿ ಚೂಪಿನ ಪಕ್ಕಡಲೆ ಹಿಡ್ದು ಸುತ್ತಿ ತೆಗದೆ. ಹೊರಗ ಬಂದಾಗ ಆಟಿನ ಗುರ್ತು ಸುದ್ಧಾ ಹಂಗೇ ಇದ್ವು ಅದರ ಮ್ಯಾಲ. ಇದಕ್ಕೊಂದಕ್ಕೇ 50 ನಿಮಿಷ.

ಟ್ಯಾಪಿನ ಉದ್ದನ ಕೊರಕಲಿಗಿ ಗ್ರೀಸ್ ತುಂಬಿ ಹೊಡದೆ, ಲೋಹದ ಚೂರು ಒಳಗ ಬೀಳಂಗಿಲ್ಲ, ಗ್ರೀಸಿಗಿ ಅಂಟಿ ಬರತದ. ಅರ್ಧ ಸುತ್ತು ಮುಂದ, ಕಾಲು ಸುತ್ತು ಹಿಂದ. ಈ ಸಲ ಚಾಚಾನ ಮಾತು ಕೈಗೇ ಇಳದಿತ್ತು, ಬಾಯಿಲೆ "ತುಸು ಹಿಂದ, ತುಸು ಮುಂದ" ಅಂತ ಅಂದುಕೋತ ಹೊಡದೆ. ಎರಡು ಸಲ ಪೂರಾ ಹೊರಗ ತೆಗ್ದು ಒರಸಿದೆ. ಸುರುಳಿ 12 ಎಂಎಂ ಉದ್ದಂದು, ಮೇಲ್ಮೈಗಿಂತ ಅರ್ಧ ಸುತ್ತು ಒಳಗ ಹೋಗೋತನ ತಿರುವಿ ಬಿಟ್ಟೆ. ತೆಳಗ ಅದಕ್ಕ ಒಂದು ಸಣ್ಣ ಕೊಕ್ಕಿ ಇರತದ, ಅದನ್ನ ಸಣ್ಣ ಪಂಚಿಲೆ ಒಂದೇ ಏಟು ಹಾಕಿ ಮುರೀಬೇಕು, ಮುರದಿದ್ದು ಒಳಗೇ ಬಿಡಬಾರದು. ಕಡ್ಡಿ ತುದಿಗಿ ಗ್ರೀಸ್ ಹಚ್ಚಿ ಎತ್ತಿದೆ. ದಾರ ಹಿಡ್ದು ಬನಿಯನ್ ತುಂಡು ಜಗ್ಗಿದೆ, ಬಂತು, ತುಂಬ ಲೋಹದ ಚೂರು.

ಹೊಸ ಬೋಲ್ಟ್ ಕೈಲೆ ತಿರುವಿದ್ರ ತಳತನ ಬೆಣ್ಣಿ ಹಂಗ ಹೋತು. ಒಂದೆರಡು ಸಲ ಹಾಕಿ ತೆಗದೆ, ಸುಮ್ನ, ಖುಷಿಗಿ.

ಆದ್ರ ತೂತು ಮುಕ್ಕಾಲು ಎಂಎಂ ಸರದದಲ್ಲ, ಕವರ್ ಕುಂದರವಲ್ದು. ಕವರಿನ ತೂತು ದುಂಡ ಅರಲೆ ಒಂದು ಬದಿಗಿ ಉಜ್ಜಿ ತತ್ತಿ ಆಕಾರ ಮಾಡ್ದೆ, ಕೂತ್ಕೊಂತು. ನೋಡ್ಲಾಕ ಚಂದ ಇಲ್ಲ, ವಾಷರ್ ಮುಚ್ಚತದ.

ಹಳೇ ಗ್ಯಾಸ್ಕೆಟ್ ಬ್ಲೇಡಿಲೆ ಕೆರದೆ, ಮರಳು ಕಾಗದ ಹಚ್ಚಲಿಲ್ಲ, ಅಲ್ಯೂಮಿನಿಯಂ ಗುಂಡಿ ಬೀಳತದ. ಥರ್ಮೋಸ್ಟಾಟಿಗಿ ಒಂದು ಸಣ್ಣ ತೂತಿನಾಗ ಗುಂಡುಪಿನ್ನಿನಂಥದು ಅಲ್ಲಾಡತಿರತದ, ಅದು ಮ್ಯಾಲ ಬರಬೇಕು, ಗಾಳಿ ಹೊರಗ ಹೋಗೋ ದಾರಿ ಅದು. ಬೋಲ್ಟಿಗಿ ಸಣ್ಣಗ ಗ್ರೀಸ್ ಸವರಿದೆ. ಟಾರ್ಕ್ ರೆಂಚ್ (ಎಷ್ಟು ಬಿಗಿ ಆತಂತ ತೋರ್ಸೋ ಪಾನಾ) ಇಲ್ಲ, ಸಣ್ಣ ರ್‍ಯಾಚೆಟಿನ ಕುತ್ತಿಗಿ ಹಿಡ್ದು, ಎರಡೂ ಬೋಲ್ಟ್ ಪಾಳಿ ಪ್ರಕಾರ ಸ್ವಲ್ಪ ಸ್ವಲ್ಪ ಬಿಗದೆ. ಜಿಐ ಪೈಪ್ ಮೊದಲೇ ಅಟ್ಟಕ್ಕ ಹಾಕಿದ್ದೆ.

ಮೂರು ಸಲ ನೀರು ತುಂಬಿ ಓಡಿಸಿ ಚೆಲ್ಲಿದೆ, ಮೂರನೇ ಸಲಕ್ಕ ಸುಮಾರು ತಿಳಿ ಬಂತು. ಕೂಲಂಟ್ ಎರಡು ಲೀಟರ್, ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್) ನಾಲ್ಕು ಲೀಟರ್ ತಂದಿದ್ದೆ, ಅದರಾಗ ಅರ್ಧಕ್ಕರ್ಧ ಕೂಡ್ಸಿ ಹಾಕ್ದೆ. ಬೋರಿನ ಕೊಳಾಯಿ ಹತ್ರ ಮಗ ನಿಂತು "ಇದು ಬ್ಯಾಡೇನ್ ಪಪ್ಪಾ" ಅಂದ. ರೇಡಿಯೇಟರ್ ಮುಚ್ಚಳ ತೆಗದಿಟ್ಟೇ ಎಂಜಿನ್ ಚಾಲೂ, ಹೀಟರ್ ಫುಲ್. ಬುರುಬುರು ಗುಳ್ಳಿ ಬಂದ್ವು, ಮಟ್ಟ ಇಳದಂಗೆಲ್ಲ ಹಾಕ್ದೆ. 14 ನಿಮಿಷಕ್ಕ ಮ್ಯಾಲಿನ ಹೋಸ್ ಒಮ್ಮೆಲೆ ಬಿಸಿ ಆತು, ಥರ್ಮೋಸ್ಟಾಟ್ ಬಾಯಿ ತೆಗೀತಂತ ಅರ್ಥ. ಗುಳ್ಳಿ ನಿಂತ ಮ್ಯಾಲ ಮುಚ್ಚಳ ಹಾಕ್ದೆ, ಜರಾ ಹೊತ್ತಿಗಿ ಫ್ಯಾನ್ ತಿರುಗ್ತು.

ಖರ್ಚು

ಥರ್ಮೋಸ್ಟಾಟ್ 380, ಗ್ಯಾಸ್ಕೆಟ್ 30, ಡಬ್ಲ್ಯುಡಿ 210, ಪವರ್ ಸ್ಟೇರಿಂಗ್ ಆಯಿಲ್ 220, ಉಗುರುಬಣ್ಣದ್ದು 60 (ಹೊಸದು ತಂದುಕೊಡಬೇಕಾತು), ಡ್ರಿಲ್ ಬಿಟ್ 180, ಈಜಿ-ಔಟ್ 250, ಹೆಲಿಕಾಯಿಲ್ 740, ಗುಜರಿ ಕವರ್ 150, ಎರಡು ಬೋಲ್ಟ್ 30, ಕೂಲಂಟ್ 640, ಬ್ಯಾಟರಿ ನೀರು 80. ಒಟ್ಟು 2,970. ಮನಿಯಾಕಿ ಚೀಟಿಯಾಗ ಆಟೋ 840, ಕೂಡ್ಸಿ 3,810. ಗ್ಯಾರೇಜಿಗಿಂತ 690 ಉಳೀತು. ಅರ್ಧಕ್ಕಿಂತ ಹೆಚ್ಚು ಖರ್ಚು ನನ್ನ ಏಟಿಗಿ ಬಿದ್ದದ್ದು. ತಲಿ ಮುರೀಲಾರದಂಗ ಎರಡನೇ ಬೋಲ್ಟ್ ಬಂದಿದ್ರ ಥರ್ಮೋಸ್ಟಾಟ್, ಗ್ಯಾಸ್ಕೆಟ್, ಡಬ್ಲ್ಯುಡಿ, ಕೂಲಂಟ್, ನೀರು, ಎಲ್ಲಾ ಸೇರಿ 1,340ಕ್ಕ ಮುಗೀತಿತ್ತು.

ಮುಗದ ಮ್ಯಾಲ

ಮರುದಿನ ಜೇವರ್ಗಿ ತನ ಹೋಗಿ ಬಂದೆ, ಎಸಿ ಹಾಕಿ. ಮುಳ್ಳು ಅರ್ಧಕ್ಕಿಂತ ತೆಳಗೇ ನಿಂತಿತ್ತು. ಅವ್ವನ್ನ ಕರದೆ, "ಮೊದಲ ನೀ ನಾಲ್ಕು ಸಲ ಹೋಗಿ ಬಾ" ಅಂದ್ಳು. ಎರಡು ಮುರದ ತುಂಡು ಒಯ್ದು ಚಾಚಾಗ ತೋರ್ಸಿದೆ, ಒಂದು ತೊಗೊಂಡು ಲೇಥ್ ಪಕ್ಕದ ಡಬ್ಬ್ಯಾಗ ಹಾಕ್ಕೊಂಡ್ರು, ಅದರಾಗ ಅಂಥವೇ ಒಂದು ಕಿಲೋ ಇರಬೇಕು. ತೆಳಗಿನ ಬೋಲ್ಟಿನ ಬದಿಗಿ ಮೊದಲನೇ ದಿನ ಒಂದೆರಡು ಹನಿ ಜಿನುಗಿತ್ತು, ಎಂಜಿನ್ ಆರಿದ ಮ್ಯಾಲ ಎರಡೂ ಬೋಲ್ಟ್ ಒಂದೊಂದು ಎಳಿ ಬಿಗದೆ. ರಾತ್ರಿ ಗಾಡಿ ತೆಳಗ ರಟ್ಟಿನ ತುಂಡು ಹಾಸಿಟ್ಟು ಒಳಗ ಹೋಗಿ ಮಲಗ್ತೀನಿ. ಇವತ್ತು ಮುಂಜಾನಿ ನೋಡ್ದೆ, ಒಣಗಿತ್ತು.